ಕೆಳಗಿಳಿದು ನಿಂತವನು

ಘಾಟಿಯಲ್ಲಿ ಮಿಲಿಟರಿ ಲಾರಿ ಓಡಿಸುವುದು ಒಬ್ಬನ ಕೈಲಾಗುವ ಕೆಲಸವಲ್ಲ ಎನ್ನುತ್ತಾರೆ ನಮ್ಮ ಬೇಲಿಯಾಚೆಯ ಹವಾಲ್ದಾರ್ ಮಾವ. ಒಬ್ಬ ಸ್ಟೇರಿಂಗ್ ಹಿಡಿಯಬೇಕು, ಇನ್ನೊಬ್ಬ ಕೆಳಗಿಳಿದು ನಿಲ್ಲಬೇಕು. "ಇಬ್ರಲ್ಲಿ ದೊಡ್ಡೋನು ಯಾರು ಅಂತ ಕೇಳಿದ್ರೆ ನಾನು ಕೆಳಗೆ ನಿಂತೋನ ಕಡೆ ಕೈ ತೋರಿಸ್ತೀನಿ ನೋಡು" ಎಂದು ಅವರು ನನ್ನ ತಮ್ಮನ ಮಗನಿಗೆ ಹೇಳುವಾಗ ನಾನು ಈಚೆ ಬದಿಯಲ್ಲಿ ಮೆಣಸಿನ ಬಳ್ಳಿ ಕಟ್ಟುತ್ತಿದ್ದೆ. ಹುಡುಗನಿಗೆ ಜೀಪಿನ ಹುಚ್ಚು. ಮಳೆಗಾಲದಲ್ಲಿ ಸಕಲೇಶಪುರದ ಕಡೆಗೆ ಹೋಗಿ ಕೆಸರಲ್ಲಿ ಹೊರಳಾಡಿಸಿಕೊಂಡು ಬರುತ್ತಾನೆ. ಗಾಡಿ ಓಡಿಸುವವನೇ ಎಲ್ಲ ಎಂದು ಅವನ ಲೆಕ್ಕ. ಮಾವನ ಮಾತು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ನನಗೆ ಹಿಡಿಸಿತು. ಬಳ್ಳಿ ಬಿಟ್ಟು ಬೇಲಿಗೆ ಬಂದು ನಿಂತೆ.

ನಮ್ಮ ಸೋಮವಾರಪೇಟೆಯ ಕಡೆ ಸೈನ್ಯಕ್ಕೆ ಹೋಗಿ ಬಂದವರು ಬೇಕಾದಷ್ಟು ಜನ. ಬಂದವರನ್ನೆಲ್ಲ ಊರವರು ಕೂರಿಸಿಕೊಂಡು ಬಂದೂಕಿನ ಕತೆ ಕೇಳುತ್ತಾರೆ. ಲಾರಿಯ ಕತೆ ಕೇಳುವವರೇ ಇಲ್ಲ. ಮಾವ ಇದ್ದದ್ದು ಎ.ಎಸ್.ಸಿ.ಯಲ್ಲಿ, ಅಂದರೆ ಅಕ್ಕಿ, ಬೇಳೆ, ಡೀಸೆಲ್, ಸೀಮೆಎಣ್ಣೆ, ಗುಂಡು, ಕಂಬಳಿ ಎಲ್ಲವನ್ನೂ ಗಡಿಗೆ ಮುಟ್ಟಿಸುವ ದಳದಲ್ಲಿ. ಅದರ ಸೆಂಟರು ನಮ್ಮ ಬೆಂಗಳೂರಿನಲ್ಲೇ ಇದೆ. ಮೇಲೆ ಮಂಜಿನಲ್ಲಿ ಕೂತವನ ಹೊಟ್ಟೆಗೆ ಬಿಸಿ ಅನ್ನ ಬಿದ್ದಿದೆ ಎಂದರೆ ಕೆಳಗಿನಿಂದ ಯಾರೋ ಆ ಅಕ್ಕಿಯನ್ನು ಕಣಿವೆಯ ಅಂಚಿನಲ್ಲಿ ಹತ್ತಿಸಿದ್ದಾರೆ. ಆ ಯಾರೋ ಒಬ್ಬರ ಹೆಸರನ್ನು ನಾವು ಕೇಳುವುದಿಲ್ಲ. ಇದು ಸರಿಯಲ್ಲ ಎಂದು ನನಗೆ ತುಂಬ ದಿನದಿಂದ ಅನ್ನಿಸಿದೆ.

ಅಗಲದ ಲೆಕ್ಕವನ್ನೇ ತೆಗೆದುಕೊಳ್ಳಿ. ದೊಡ್ಡ ಲಾರಿ ಎರಡೂವರೆ ಮೀಟರ್ ಅಗಲ ಇರುತ್ತದೆ. ಒಂದೇ ಲೇನಿನ ಡಾಂಬರು ರಸ್ತೆಗೆ ನಮ್ಮ ದೇಶದಲ್ಲಿ ಇಟ್ಟ ಅಳತೆ 3.75 ಮೀಟರ್. ಲಾರಿ ನಡುಮಧ್ಯದಲ್ಲಿ ಹೋದರೆ ಎರಡೂ ಬದಿಗೆ ಎರಡೆರಡು ಅಡಿ ಉಳಿಯುತ್ತದೆ. ಇದು ಒಳ್ಳೆಯ ರಸ್ತೆಯ ಮಾತು. ಮುಂದಿನ ಠಾಣೆಗಳಿಗೆ ಕಡಿದ ಕಚ್ಚಾ ದಾರಿಯಲ್ಲಿ ಆ ಎರಡಡಿಯೂ ನಂಬುವಂಥದ್ದಲ್ಲ. ಗುಡ್ಡದ ಬದಿ ಕಡಿದ ಬಂಡೆ, ಗಟ್ಟಿ. ಕಣಿವೆಯ ಬದಿ ಕಡಿದ ಮಣ್ಣನ್ನೇ ಸುರಿದು ಅಗಲ ಮಾಡಿದ್ದು, ಸಡಿಲ. ನೋಡಲಿಕ್ಕೆ ಎರಡೂ ಒಂದೇ ರಸ್ತೆ. ಹತ್ತು ಟನ್ನಿನ ಭಾರ ಬಿದ್ದಾಗಲೇ ಗೊತ್ತಾಗುವುದು ಯಾವುದು ನೆಲ, ಯಾವುದು ಬರೀ ತುಂಬಿದ ಮಣ್ಣು ಎಂದು.

ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ. ಎಡಕ್ಕೆ ಕಣಿವೆ ಬಂತು ಎಂದರೆ ಅಂಚು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಕನ್ನಡಿಯಲ್ಲಿ ಕಾಣುವುದು ಟಾರ್ಪಾಲಿನ್ನಿನ ಪಕ್ಕ, ಅದರಾಚೆ ಆಕಾಶ. ಚಕ್ರ ಎಲ್ಲಿದೆ ಎಂದು ಹೇಳಬೇಕಾದವನು ಕೋ-ಡ್ರೈವರ್. ಅವನು ಇಳಿದು, ಲಾರಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತಾ, ಒಂದು ಕಣ್ಣು ಚಕ್ರದ ಮೇಲೆ, ಒಂದು ಕಣ್ಣು ತನ್ನ ಕಾಲಡಿಯ ನೆಲದ ಮೇಲೆ ಇಟ್ಟುಕೊಂಡು ಕೈಯಲ್ಲಿ ಕರೆಯಬೇಕು. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ, ಎಲ್ಲ ಕೈಸನ್ನೆ. ಅವನು ಮುಷ್ಟಿ ಕಟ್ಟಿ ಎತ್ತಿದ ಎಂದರೆ ಗಾಡಿ ಅಲ್ಲೇ ನಿಲ್ಲಬೇಕು. ಯಾಕೆ ಎಂದು ಕೇಳುವ ಹಾಗಿಲ್ಲ, ಇನ್ನೊಂದು ಗೇಣು ಮುಂದೆ ಹೋಗಿ ನೋಡೋಣ ಎನ್ನುವ ಹಾಗೂ ಇಲ್ಲ.

"ಅಜ್ಜ, ಅವನು ತಪ್ಪು ಸನ್ನೆ ಮಾಡಿದ್ರೆ?" ಎಂದ ನಮ್ಮ ಹುಡುಗ.

"ಮಾಡಲ್ಲ ಕಣೋ ಮಗ. ವಾಪಸ್ ಅದೇ ಗಾಡೀಲಿ ಅವನೂ ಹೋಗ್ಬೇಕಲ್ಲ."

ತಿರುವುಗಳ ವಿಷಯಕ್ಕೆ ಬಂದಾಗ ಮಾವ ಬೇಲಿಯಿಂದ ಒಂದು ಕಡ್ಡಿ ಮುರಿದು ನೆಲದ ಮೇಲೆ ಗೀಚಿದರು. ಉದ್ದನೆಯ ಗಾಡಿಯ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸುತ್ತದೆ. ಗುಡ್ಡದ ಮೂಗನ್ನು ಸುತ್ತುವ ತಿರುವಾದರೆ ಹಿಂದಿನ ಚಕ್ರ ಬಂಡೆಯ ಕಡೆಗೆ ಒತ್ತುತ್ತದೆ. ಮೈ ಉಜ್ಜಿತು, ಬಣ್ಣ ಹೋಯಿತು, ಅಷ್ಟೇ. ಆದರೆ ನೀರು ಹರಿಯುವ ಸಂದಿಯೊಳಗೆ ಹೊಕ್ಕು ಹೊರಬರುವ ತಿರುವಿದೆಯಲ್ಲ, ಅಲ್ಲಿ ಒಳಬದಿಯೇ ಕಣಿವೆ. ಮುಂದಿನ ಚಕ್ರ ಚೊಕ್ಕವಾಗಿ ದಾಟಿಹೋಗಿರುತ್ತದೆ, ಡ್ರೈವರು ನಿರಾಳವಾಗಿರುತ್ತಾನೆ, ಹಿಂದಿನ ಚಕ್ರ ಅವನಿಗೆ ಗೊತ್ತಿಲ್ಲದೆ ಅಂಚಿಗೆ ಸರಿಯುತ್ತಿರುತ್ತದೆ. ಅದಕ್ಕೇ ಅಂಥ ತಿರುವಿನಲ್ಲಿ ಮುಂದಿನ ಚಕ್ರವನ್ನು ಬೇಕೆಂದೇ ಬಂಡೆಗೆ ತಾಗುವಷ್ಟು ಹತ್ತಿರ ಒಯ್ದು, ಆಮೇಲೆ ತಿರುಗಿಸಬೇಕು. ಹೇರ್‌ಪಿನ್ನಿನಲ್ಲಿ ಒಂದೇ ಸಲಕ್ಕೆ ತಿರುಗದಿದ್ದರೆ ಹಿಂದಕ್ಕೆ ತೆಗೆಯಬೇಕು, ಏರಿನಲ್ಲಿ, ಕಣಿವೆಗೆ ಬೆನ್ನು ಹಾಕಿ. ಆಗ ಕೆಳಗಿನವನ ಕೈಯಲ್ಲಿ ಮರದ ತುಂಡೊಂದು ಇರುತ್ತದೆ. ಗಾಡಿ ಒಂದಡಿ ಹಿಂದೆ ಬಂದಹಾಗೆಲ್ಲ ಅವನು ಬಗ್ಗಿ ಅದನ್ನು ಹಿಂದಿನ ಚಕ್ರಕ್ಕೆ ಕೊಡುತ್ತಾ ಬರಬೇಕು. ಚಕ್ರಕ್ಕೂ ಅವನ ಕೈಗೂ ನಡುವೆ ಇರುವುದು ಆ ಮರದ ತುಂಡು ಮಾತ್ರ.

ಸ್ಟೇರಿಂಗ್ ಹಿಡಿಯುವುದರಲ್ಲೂ ಒಂದು ಪಾಠವಿದೆಯಂತೆ. ನಾವೆಲ್ಲ ಹೆಬ್ಬೆರಳನ್ನು ಚಕ್ರದ ಒಳಕ್ಕೆ ಸುತ್ತಿ ಹಿಡಿಯುತ್ತೇವೆ. ಕಲ್ಲುದಾರಿಯಲ್ಲಿ ಮುಂದಿನ ಟೈರು ಬಂಡೆಗೆ ಬಡಿದರೆ ಹಳೆಯ ಗಾಡಿಗಳಲ್ಲಿ ಸ್ಟೇರಿಂಗ್ ಗಿರ್ರನೆ ತಾನೇ ತಿರುಗಿ ಬೆರಳನ್ನು ಮುರಿದುಬಿಡುತ್ತಿತ್ತು. ಹೆಬ್ಬೆರಳು ಹೊರಗಿರಬೇಕು, ಚಕ್ರದ ಅಂಚಿನ ಮೇಲೆ. ಹುಡುಗ ಆ ಕ್ಷಣವೇ ಗಾಳಿಯಲ್ಲಿ ಸ್ಟೇರಿಂಗ್ ಹಿಡಿದು ನೋಡಿದ. ಅವನ ಹೆಬ್ಬೆರಳು ಒಳಗೇ ಇತ್ತು.

ಮಾವನ ಮಾತು ಎಲ್ಲಿಂದ ಶುರುವಾದರೂ ಜೋಜಿಲಾಕ್ಕೆ ಬಂದು ಸೇರುತ್ತದೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಹನ್ನೊಂದೂವರೆ ಸಾವಿರ ಅಡಿಯ ಮೇಲಿನ ಕಣಿವೆಮಾರ್ಗ ಅದು. ಲಡಾಖಿನಲ್ಲಿ ಅದಕ್ಕಿಂತ ಎತ್ತರದವು ಎಷ್ಟೋ ಇವೆ. ಅದೇ ದಾರಿಯ ಫೋಟುಲಾ ಹದಿಮೂರು ಸಾವಿರ ಅಡಿ ದಾಟುತ್ತದೆ, ಖಾರ್ದುಂಗ್ಲಾ ಹದಿನೇಳು ಸಾವಿರ ದಾಟುತ್ತದೆ. ಆದರೂ ಡ್ರೈವರುಗಳ ಎದೆ ಹೊಡೆದುಕೊಳ್ಳುವುದು ಜೋಜಿಲಾದಲ್ಲಿ. ಬಾಲ್ತಾಲ್‌ನಿಂದ ಮೇಲಕ್ಕೆ ಗೋಡೆಯ ಹಾಗೆ ನಿಂತ ಗುಡ್ಡ, ಅದರ ಮೈಯಲ್ಲಿ ಗೀರಿದಂತಿರುವ ದಾರಿ, ಹಿಮ ಕರಗಿದರೆ ಕೆಸರು, ಒಣಗಿದರೆ ಧೂಳು. ಕಾನ್ವಾಯಿಗಳಿಗೆ ಹೊತ್ತು ಗೊತ್ತು ಮಾಡಿ ಒಂದು ದಿಕ್ಕಿನಿಂದ ಬಿಟ್ಟು, ಅವು ದಾಟಿದ ಮೇಲೆ ಇನ್ನೊಂದು ದಿಕ್ಕಿನಿಂದ ಬಿಡುತ್ತಿದ್ದರು. ಕೆಟ್ಟು ನಿಂತ ಒಂದೇ ಒಂದು ಲಾರಿ ಸಾಕು, ಇಡೀ ಲಡಾಖಿನ ಆ ದಿನದ ರೇಷನ್ನು ನಿಂತಿತು.

ಈ ಜೋಜಿಲಾಕ್ಕೂ ನಮ್ಮ ಕೊಡಗಿಗೂ ಇರುವ ನಂಟನ್ನು ನಮ್ಮ ಮಕ್ಕಳಿಗೆ ಯಾರಾದರೂ ಹೇಳಬೇಕು. 1948ರಲ್ಲಿ ದಾಳಿಕೋರರು ಜೋಜಿಲಾ ಹಿಡಿದು ಕೂತಿದ್ದರು, ಲೇಹ್‌ಗೆ ನೆಲದ ದಾರಿ ಕಡಿದುಹೋಗಿತ್ತು. ಕಾಲಾಳುಗಳು ನುಗ್ಗಿ ನೋಡಿ ಆಗಿರಲಿಲ್ಲ. ಆಗ ಅಲ್ಲಿನ ಡಿವಿಷನ್ನಿನ ಮುಖ್ಯಸ್ಥರಾಗಿದ್ದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಅವರ ಮೇಲಿನ ಅಧಿಕಾರಿ ಕೆ.ಎಂ. ಕಾರ್ಯಪ್ಪ, ಅವರೂ ನಮ್ಮವರೇ. ತಿಮ್ಮಯ್ಯನವರು ಅಲ್ಲಿಗೆ ಟ್ಯಾಂಕ್ ಹತ್ತಿಸುವ ಯೋಚನೆ ಮಾಡಿದರು. ಹೇಸರಗತ್ತೆ ನಡೆಯುವ ಕಾಲುದಾರಿಯಲ್ಲಿ ಹದಿನೈದು ಟನ್ನಿನ ಸ್ಟುವರ್ಟ್ ಟ್ಯಾಂಕು! ಗೋಪುರಗಳನ್ನು ಬಿಚ್ಚಿ, ಟಾರ್ಪಾಲಿನ್ ಹೊದಿಸಿ, ಯಾರಿಗೂ ಸುಳಿವು ಸಿಗದಂತೆ 7ನೇ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳನ್ನು ಜಮ್ಮುವಿನ ಕಡೆಯಿಂದ ಕಾಶ್ಮೀರಕ್ಕೆ ತಂದರು. ಕಾಲುದಾರಿಯನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅವರ ನೆಲೆ ಬೆಂಗಳೂರು. ಕೊರೆಯುವ ಚಳಿ, ಎದುರಿನ ಗುಡ್ಡದಿಂದ ಗುಂಡು, ಕೈಯಲ್ಲಿ ಗುದ್ದಲಿ. 1948ರ ನವೆಂಬರ್ 1ರಂದು ಟ್ಯಾಂಕುಗಳು ಜೋಜಿಲಾ ಹತ್ತಿದವು. ತಿಮ್ಮಯ್ಯನವರು ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈಗೆ ಬಂದವು. ಕಾರ್ಯಪ್ಪನವರು ಆ ಕಾರ್ಯಾಚರಣೆಗೆ ಇಟ್ಟ ಹೆಸರು ಬೈಸನ್, ನಮ್ಮ ಕಾಡಿನ ಕಾಟಿಯ ಬಳಗದ್ದು. ತಿಮ್ಮಯ್ಯನವರ ಮನೆ ಸನ್ನಿಸೈಡ್ ಮಡಿಕೇರಿಯಲ್ಲಿ ಈಗ ಮ್ಯೂಸಿಯಂ ಆಗಿದೆ, ಹೋದವರು ನೋಡಿ ಬನ್ನಿ.

ಟ್ಯಾಂಕಿನ ಶೌರ್ಯದ ಜೊತೆಗೆ ನನಗೆ ಆ ಗುದ್ದಲಿಯೂ ಅಷ್ಟೇ ಮುಖ್ಯವಾಗಿ ಕಾಣುತ್ತದೆ. ಮೊದಲು ನೆಲದ ಮೇಲೆ ನಿಂತು ಅಳೆದವರಿದ್ದರು, ಅದಕ್ಕೇ ಉಕ್ಕು ಹತ್ತಿತು.

ಹತ್ತುವುದನ್ನು ಎಲ್ಲರೂ ಕೇಳುತ್ತಾರೆ, ಇಳಿಯುವುದನ್ನು ಕೇಳುವುದಿಲ್ಲ ಎಂದು ಮಾವನ ಬೇಸರ. ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ಬ್ರೇಕ್ ಸೋತರೆ ಗಾಡಿ ನಿಲ್ಲುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎನ್ನುವುದು ಉಸ್ತಾದ್ ಕಲಿಸುವ ಮೊದಲ ಪಾಠ. ಸೇನೆಯಲ್ಲಿ ಕಲಿಸುವವನಿಗೆ ಉಸ್ತಾದ್ ಎನ್ನುತ್ತಾರೆ. ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯಬೇಕು, ಜೊತೆಗೆ ಎಗ್ಸಾಸ್ಟ್ ಬ್ರೇಕ್, ಅಂದರೆ ಹೊಗೆ ಹೋಗುವ ದಾರಿಗೆ ಅಡ್ಡಲಾಗಿ ಮುಚ್ಚಳ ಹಾಕಿ ಎಂಜಿನ್ನಿಗೆ ಉಸಿರು ಕಟ್ಟಿಸುವುದು. ಕಾಲಿನ ಬ್ರೇಕು ಕೊನೆಗೆ. ಒತ್ತುತ್ತಲೇ ಇಳಿದರೆ ಡ್ರಮ್ಮು ಕಾದು, ಲೈನಿಂಗ್ ಹಿಡಿತ ಬಿಟ್ಟು, ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಮೊದಲು ಮುಟ್ಟುವುದು ಇಳಿದು ನಡೆಯುತ್ತಿರುವವನ ಮೂಗಿಗೆ. ಪದೇ ಪದೇ ಪಂಪ್ ಮಾಡಿದರೆ ಬ್ರೇಕನ್ನು ನಡೆಸುವ ಗಾಳಿ ಟ್ಯಾಂಕಿನ ಒತ್ತಡ ಇಳಿದು, ಮೀಟರಿನ ಮುಳ್ಳು ಕೆಂಪಿಗೆ ಬರುತ್ತದೆ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸಲು ಹೋದವನ ಬಗ್ಗೆ ಮಾವ ಮಾತಾಡಲೇ ಇಲ್ಲ, ಮುಖ ಆಚೆ ತಿರುಗಿಸಿದರು.

ಎಣ್ಣೆ ಟ್ಯಾಂಕರಿನದು ಇನ್ನೊಂದು ಪಾಡು. ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ ಟ್ಯಾಂಕರ್ ಅಪಾಯ. ತಿರುವಿನಲ್ಲಿ ಒಳಗಿನ ಎಣ್ಣೆ ಹೊರಬದಿಗೆ ನುಗ್ಗಿ ಗಾಡಿಯನ್ನು ಅತ್ತ ಎಳೆಯುತ್ತದೆ. ಬ್ರೇಕ್ ಹಾಕಿ ನಿಂತ ಮೇಲೂ ಒಂದು ಅಲೆ ಮುಂದೆ ಬಂದು ಗುಮ್ಮುತ್ತದೆ.

ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ಸೇನೆಯ ಶಿಸ್ತು ಮಾತ್ರವಲ್ಲ, ನಮ್ಮ ರಸ್ತೆ ನಿಯಮಗಳಲ್ಲೇ ಬರೆದಿದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಅದನ್ನು ಪಾಲಿಸುವವರು ಎಷ್ಟು ಜನ? ನನಗೆ ಕಂಡದ್ದು ಕಡಿಮೆ. ಏರಿನಲ್ಲಿ ನಿಂತ ಭಾರದ ಲಾರಿಯನ್ನು ಮತ್ತೆ ಎಬ್ಬಿಸುವ ಕಷ್ಟ ಗೊತ್ತಿದ್ದವರು ಹಾಗೆ ಮೂಗು ತೂರಿಸುವುದಿಲ್ಲ.

ನೀರಿನ ಮಾತೂ ಬಂತು. ಲಡಾಖಿನಲ್ಲಿ ಪಾಂಗಾಂಗ್ ಸರೋವರದ ದಾರಿಯಲ್ಲಿ ಪಾಗಲ್ ನಾಲಾ ಎಂಬ ಹಳ್ಳವಿದೆ, ಹುಚ್ಚು ಹಳ್ಳ. ಬೆಳಗ್ಗೆ ನೋಡಿದರೆ ಪಾದ ನೆನೆಯುವಷ್ಟು ನೀರು. ಹೊತ್ತು ಏರಿ ಬಿಸಿಲಿಗೆ ಮೇಲಿನ ಹಿಮ ಕರಗಿದ ಮೇಲೆ ಮಧ್ಯಾಹ್ನ ಕಲ್ಲುಗಳನ್ನೇ ಉರುಳಿಸಿಕೊಂಡು ಬರುತ್ತದೆ. ಮಳೆಗೆ ಏರುವ ಹಳ್ಳ ಕಂಡ ನಮಗೆ ಬಿಸಿಲಿಗೆ ಏರುವ ಹಳ್ಳ ವಿಚಿತ್ರ. ಅದಕ್ಕೇ ಅಲ್ಲಿ ಕಾನ್ವಾಯಿಗಳು ಬೆಳಕು ಹರಿಯುವ ಮುಂಚೆ ಹೊರಡುತ್ತವೆ. ಇಲ್ಲೂ ಮೊದಲು ಇಳಿಯುವವನು ಎರಡನೆಯವನೇ. ಕೋಲು ಹಿಡಿದು ಹಿಮದ ನೀರಿನಲ್ಲಿ ನಡೆದು, ತಳದಲ್ಲಿ ಗುಂಡಿ ಎಲ್ಲಿದೆ, ಬಂಡೆ ಎಲ್ಲಿದೆ ನೋಡಿ ಬರುತ್ತಾನೆ. ಆಮೇಲೆ ಡ್ರೈವರ್ ಲೋ ಗೇರ್ ಹಾಕಿ, ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು, ನಡುನೀರಿನಲ್ಲಿ ಗೇರ್ ಬದಲಾಯಿಸದೆ ಒಂದೇ ಸಮನೆ ದಾಟಬೇಕು. ಆಚೆ ದಡ ಸೇರಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಒಣಗಿಸಬೇಕು. ಸಂಜೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಒದ್ದೆ ಬ್ರೇಕು ರಾತ್ರಿ ಮಂಜುಗಟ್ಟಿ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು. ಗಾಳಿ ಟ್ಯಾಂಕಿನಲ್ಲಿ ಸೇರಿದ ತೇವವನ್ನೂ ಮಲಗುವ ಮುಂಚೆ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಅದು ಪೈಪಿನೊಳಗೆ ಮಂಜಾಗಿ ಕೂರುತ್ತದೆ.

ಚಳಿಗೆ ಡೀಸೆಲ್ಲೂ ಹೆಪ್ಪುಗಟ್ಟುತ್ತದೆ ಎಂದಾಗ ಹುಡುಗ ನಂಬಲಿಲ್ಲ. ನಿಜವೇ. ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಹಿಂದೆ ಬೆಳಗಾಗೆದ್ದು ಟ್ಯಾಂಕಿನ ಅಡಿಯಲ್ಲಿ ಸ್ಟೋವ್ ಹಚ್ಚಿ ಕಾಯಿಸುತ್ತಿದ್ದರು, ಎಣ್ಣೆಯ ಟ್ಯಾಂಕಿನ ಅಡಿಯಲ್ಲಿ ಬೆಂಕಿ! 2019ರಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆಂದೇ ಚಳಿಗಾಲದ ಡೀಸೆಲ್ ತಂದಿತು, ಮೈನಸ್ 33 ಡಿಗ್ರಿಯಲ್ಲೂ ಹರಿಯುವಂಥದ್ದು. ಅಷ್ಟು ಎತ್ತರದಲ್ಲಿ ಗಾಳಿಯೂ ತೆಳು. ಖಾರ್ದುಂಗ್ಲಾದ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಟರ್ಬೊ ಇಲ್ಲದ ಹಳೆಯ ಎಂಜಿನ್ನುಗಳು ಕಪ್ಪು ಹೊಗೆ ಉಗುಳುತ್ತಾ ತೆವಳುತ್ತಿದ್ದವು. ಮನುಷ್ಯನ ಎಂಜಿನ್ನೂ ಅಷ್ಟೇ, ಯೋಚನೆ ನಿಧಾನವಾಗುತ್ತದೆ. ಅದಕ್ಕೇ ಸೈನ್ಯದಲ್ಲಿ ಒಂಬತ್ತು ಸಾವಿರ ಅಡಿಯಲ್ಲಿ ಆರು ದಿನ, ಹನ್ನೆರಡು ಸಾವಿರದ ಮೇಲೆ ನಾಲ್ಕು ದಿನ, ಹದಿನೈದು ಸಾವಿರದ ಮೇಲೆ ಮತ್ತೆ ನಾಲ್ಕು ದಿನ ಇರಿಸಿ ಮೈ ಒಗ್ಗಿಸುತ್ತಾರೆ. ಅವಸರದ ಮನುಷ್ಯನಿಗೆ ಅಲ್ಲಿ ಜಾಗವೇ ಇಲ್ಲ.

ಲಾರಿಗಳ ಹೆಸರು ಹೇಳುವಾಗ ಮಾವನ ದನಿ ಮೆತ್ತಗಾಗುತ್ತದೆ. ಶಕ್ತಿಮಾನ್ ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್‌ಪುರದಲ್ಲಿ ತಯಾರಾದದ್ದು, ತೊಂಬತ್ತರ ದಶಕದವರೆಗೂ ಸೇನೆಯ ಬೆನ್ನೆಲುಬು. "ಅದು ಭುಜ ಕೇಳೋ ಗಾಡಿ" ಎನ್ನುತ್ತಾರೆ. ಅದರ ಜಾಗಕ್ಕೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಬಂತು. ಬಯಲಿನಲ್ಲಿ ಏಳೂವರೆ ಟನ್ ಹೊರುವ ಅದಕ್ಕೆ ಬೆಟ್ಟದಲ್ಲಿ ಐದು ಟನ್ನಷ್ಟೇ ಹೇರುವುದು. ನಮ್ಮ ಬಿ.ಇ.ಎಂ.ಎಲ್. ಮಾಡುವ ಟಾಟ್ರಾದ್ದು ಬೇರೆಯದೇ ಜಾಣ್ಮೆ. ಚಾಸಿಯ ಬದಲು ನಡುವೆ ಒಂದು ದಪ್ಪ ಕೊಳವೆ, ಅದಕ್ಕೆ ಎರಡೂ ಬದಿ ತೂಗಾಡುವ ಅರ್ಧರ್ಧ ಅಚ್ಚು. ಒಂದು ಚಕ್ರ ಬಂಡೆ ಹತ್ತಿದರೆ ಅದೊಂದೇ ಏಳುತ್ತದೆ, ಉಳಿದವು ನೆಲ ಬಿಡುವುದಿಲ್ಲ. ಹಾನ್ಸ್ ಲೆಡ್ವಿಂಕಾ ಎಂಬ ಎಂಜಿನಿಯರ್ 1923ರ ಪುಟ್ಟ ಕಾರಿಗೆ ಮಾಡಿದ ವಿನ್ಯಾಸ ಅದು, ಇವತ್ತು ಕ್ಷಿಪಣಿ ಹೊರುತ್ತಿದೆ.

ಮಿಲಿಟರಿ ಲಾರಿ ನಮ್ಮ ಮಲೆನಾಡಿಗೆ ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಾದ ಗಿಡ್ಡ ಮೂಗಿನ ಲಾರಿಗಳು ದಕ್ಷಿಣದ ಕಾಡುಗಳಲ್ಲಿ ಮರ ಎಳೆದವು. ಆಮೇಲೆ ಹರಾಜಿನ ಶಕ್ತಿಮಾನ್‌ಗಳೂ ಬಂದವು. ಬೀಟೆ, ಹೊನ್ನೆಯ ದಿಮ್ಮಿ ಹೇರಿಕೊಂಡು ತೋಟದ ಜಾರುದಾರಿಯಲ್ಲಿ ಇಳಿಯುವಾಗ ಅವುಗಳ ಮುಂದೆಯೂ ಒಬ್ಬ ಕ್ಲೀನರ್ ಹುಡುಗ "ಬರ್ಲಿ, ಬರ್ಲಿ" ಎನ್ನುತ್ತಾ ಹಿಮ್ಮುಖ ನಡೆಯುತ್ತಿದ್ದ. ಅವನ ಸಂಬಳ ಡ್ರೈವರಿನ ಅರ್ಧಕ್ಕೂ ಬರುತ್ತಿರಲಿಲ್ಲ. ಅದು ನ್ಯಾಯವಲ್ಲ ಎಂದು ಈಗ ಗಟ್ಟಿಯಾಗಿ ಹೇಳಬಲ್ಲೆ.

ಹುಡುಗನಿಗೆ ಹೆಚ್ಚು ಇಷ್ಟವಾದದ್ದು ರಾತ್ರಿಯ ಸಂಗತಿ. ಶತ್ರುವಿಗೆ ಕಾಣದಂತೆ ದೀಪ ಆರಿಸಿ ಹೋಗಬೇಕಾದಾಗ ಹಿಂದಿನ ಗಾಡಿ ಮುಂದಿನದನ್ನು ಹಿಡಿಯುವುದು ಹೇಗೆ? ಸೇನೆಯ ಲಾರಿಯ ಹಿಂದಿನ ಅಚ್ಚಿನ ನಡುವಿನ ಗುಂಡು ಭಾಗಕ್ಕೆ ಬಿಳಿ ಬಣ್ಣ ಬಳಿದಿರುತ್ತಾರೆ. ಅದರ ಮೇಲೆ ಬೆಳಕು ಬೀಳುವಂತೆ ಗಾಡಿಯ ಅಡಿಯಲ್ಲೇ ಒಂದು ಸಣ್ಣ ದೀಪ. ಮೇಲಿನಿಂದ ಕಾಣುವುದಿಲ್ಲ, ಹಿಂದಿನವನಿಗೆ ಮಾತ್ರ ಆ ಬಿಳಿ ಕಾಣುತ್ತದೆ. ಮುಂದಿನ ಬಂಪರಿನ ಹಳದಿ ವೃತ್ತದೊಳಗಿನ ಅಂಕಿಯನ್ನೂ ಮಾವ ಬಿಡಿಸಿ ಹೇಳಿದರು. ಅದು ಗಾಡಿಯ ಭಾರದ ದರ್ಜೆ. ಸೇತುವೆಯ ಬಾಯಲ್ಲೂ ಅಂಥದೇ ಅಂಕಿ ಬರೆದಿರುತ್ತದೆ. ಗಾಡಿಯ ಅಂಕಿ ದೊಡ್ಡದಾದರೆ ಆ ಸೇತುವೆ ಹತ್ತುವ ಹಾಗಿಲ್ಲ.

ಈಗ ಕಾಲ ಬದಲಾಗಿದೆ. ಹಿಂದೆ ಚಳಿಗಾಲದುದ್ದಕ್ಕೂ ತಿಂಗಳುಗಟ್ಟಲೆ ಮುಚ್ಚಿರುತ್ತಿದ್ದ ಜೋಜಿಲಾವನ್ನು 2025ರಲ್ಲಿ ಗಡಿ ರಸ್ತೆ ಸಂಸ್ಥೆಯವರು 32 ದಿನಕ್ಕೇ ತೆರೆದರು. ಅದೇ ದಾರಿಯ ಸೋನಾಮಾರ್ಗದ ಸುರಂಗ ಆ ವರ್ಷ ಜನವರಿಯಲ್ಲಿ ಉದ್ಘಾಟನೆಯಾಯಿತು. ಜೋಜಿಲಾದ ಅಡಿಯಲ್ಲಿ 13 ಕಿಲೋಮೀಟರಿನ ಸುರಂಗ ಕೊರೆಯುತ್ತಿದ್ದಾರೆ. "ಸುರಂಗ ಆದ್ಮೇಲೆ ನಿಮ್ಮಂಥೋರು ಬೇಕಾಗಲ್ಲ ಅಲ್ವಾ ಅಜ್ಜ?" ಎಂದ ಹುಡುಗ.

ಮಾವನಿಗೆ ಸಿಟ್ಟು ಬರಲಿಲ್ಲ. ಸುರಂಗ ಬೇಗ ಆಗಲಿ, ಡ್ರೈವರುಗಳು ಬದುಕಿಕೊಳ್ಳಲಿ ಎಂದರು. ಆದರೆ ಸುರಂಗ ಹೋಗುವುದು ಲೇಹ್‌ನ ಕಡೆಗೆ, ಠಾಣೆಯ ಬಾಗಿಲಿಗಲ್ಲ. ಹೆದ್ದಾರಿ ಬಿಟ್ಟ ಮೇಲೆ ಕಚ್ಚಾ ದಾರಿ, ಅದೂ ಮುಗಿದಲ್ಲಿ ಎ.ಎಸ್.ಸಿ.ಯದೇ ಹೇಸರಗತ್ತೆಗಳ ದಂಡು. ಲಾರಿಯಿಂದ ಇಳಿದ ಸೀಮೆಎಣ್ಣೆ ಡಬ್ಬಿಗಳು ಅವುಗಳ ಬೆನ್ನೇರುತ್ತವೆ.

"ಅಲ್ಲೂ ಕೋ-ಡ್ರೈವರ್ ಇರ್ತಾನಾ?" ಎಂದೆ ನಾನು.

"ಅಲ್ಲಿ ಅವನೊಬ್ನೇ ಇರೋದು ಕಣಪ್ಪ. ಹಗ್ಗ ಹಿಡ್ಕೊಂಡು ಮುಂದೆ ನಡೀತಾನೆ, ಮೇಲೆ ಕೂರೋನು ಯಾರೂ ಇಲ್ಲ."